ಕರೀಮಾ ಲೈನಿನ ಪುಸ್ತಕದ ನಲವತ್ತೊಂದನೇ ಪುಟ

ಕರೀಮಾ
೧೨ ನವೆಂಬರ್ ೨೦೦೫

ಹಸಬ್,

ಇನ್ನೊಂದು, ನಿನ್ನೆಯ ಕಾಗದದಲ್ಲಿ ಬಿಟ್ಟೇಹೋಯಿತು, ಹಳಿಗಳ ವಿಷಯ. ನಿನ್ನ ಪುಸ್ತಕದ ಮೂರನೇ ಪುಟದಲ್ಲಿ ಇಂಗ್ಲಿಷರು ಹೊಸ ಹಳಿ ತರಿಸಿ ಕರೀಮಾಕ್ಕೆ ನೂರ ಮೂವತ್ತೆಂಟು ಮೈಲಿ ಲೈನು ಹಾಸಿದರು ಎಂದಿದ್ದೀಯ. ಹೊಸ ಹಳಿ ಎಲ್ಲಿಂದ ಬಂತಯ್ಯ? ದಂಡು ಸಾಗಿಸಲು ಹಾಲ್ಫಾದಿಂದ ಕೆರ್ಮಾಕ್ಕೆ ಹಾಕಿದ್ದ ಲೈನನ್ನು, ಯುದ್ಧ ಮುಗಿಯಿತು ಎಂದು ಕಿತ್ತು, ಆ ಕಬ್ಬಿಣವನ್ನೇ ಹೊತ್ತು ತಂದು ನಮಗೆ ಹಾಸಿದ್ದು. ನನ್ನ ಅಜ್ಜ ಕೆರ್ಮಾದವನು. ಊರಿಗೆ ಬಂದ ರೈಲನ್ನು ಊರವರ ಕಣ್ಣೆದುರೇ ಬಿಚ್ಚಿಕೊಂಡು ಹೋದರು ಎಂದು ಸಾಯುವವರೆಗೂ ಬೈಯುತ್ತಿದ್ದ. ನಮಗೆ ಬಂದದ್ದು ಇನ್ನೊಬ್ಬರು ತೊಟ್ಟು ಬಿಟ್ಟ ಅಂಗಿ. ಅದನ್ನು ಬರೆ. ಲೈನಿನ ನೂರು ವರ್ಷದ ಪುಸ್ತಕ ಎಂದರೆ ಮದುವೆ ಪತ್ರಿಕೆ ಅಲ್ಲ.

ಆಮೇಲೆ, ಕವಲು ಒಡೆಯುವುದು ಅಬು ಹಮದಿನಲ್ಲಲ್ಲ, ಹತ್ತನೇ ನಂಬರ್ ಸ್ಟೇಷನ್ನಿನಲ್ಲಿ. ಹದಿನೆಂಟು ವರ್ಷ ಗಾರ್ಡ್ ಆಗಿ ಅದೇ ಪಾಯಿಂಟಿನ ಮೇಲೆ ಗಡಗಡ ಹಾದವನು ನೀನು, ಅದೂ ನೆನಪಿಲ್ಲವೇ? ಡೊಂಗೋಲಾದಿಂದ ಖರ್ಜೂರದ ಮೂಟೆ ಹೊತ್ತು ಬರುತ್ತಿದ್ದ ಸ್ಟೀಮರುಗಳಿಗೆ ಒಂದೇ ಒಂದು ಸಾಲು ಕೊಟ್ಟಿದ್ದೀಯ. ಆ ಸ್ಟೀಮರು ಬಂದು ನಿಲ್ಲುವವರೆಗೆ ಕರೀಮಾದ ಗಾಡಿ ಹೊರಡುತ್ತಿರಲಿಲ್ಲ, ಒಂದು ದಿನವಾದರೂ ಸರಿ, ಎರಡು ದಿನವಾದರೂ ಸರಿ. ನಿನ್ನ ಕಮಿಟಿಯ ಹುಡುಗರಿಗೆ ಇದೆಲ್ಲ ಎಲ್ಲಿ ಗೊತ್ತು.

ಇಷ್ಟನ್ನೂ ನಿಧಾನವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದಿನದನ್ನು ನಿಧಾನವಾಗಿ ಬರೆಯಲು ನನ್ನಿಂದ ಆಗುವುದಿಲ್ಲ. ನೀನು ಕಳಿಸಿದ ಕರಡು ಉಪವಾಸದ ತಿಂಗಳಲ್ಲಿ ಕೈಗೆ ಬಂತು. ನಾಲಿಗೆಯನ್ನೂ ಉಪವಾಸ ಇಡಬೇಕು ಎನ್ನುತ್ತಾರೆ, ಇಟ್ಟೆ. ಹಬ್ಬ ಕಳೆದು ವಾರ ದಾಟಿತು. ಈಗ ಸಿಟ್ಟು ಮಾಡಲು ಅಡ್ಡಿಯಿಲ್ಲ.

ಪುಟ ನಲವತ್ತೊಂದು. ನಿನ್ನ ಮಾತನ್ನೇ ಎತ್ತಿ ಬರೆಯುತ್ತೇನೆ: ‘೧೯೭೩ರ ಸೆಪ್ಟೆಂಬರ್ ನಾಲ್ಕರಂದು ಅಬು ಸಯಾಲ್ ಸ್ಟೇಷನ್ನಿನ ಅಂದಿನ ಮಾಸ್ಟರನ ಅಜಾಗರೂಕತೆಯಿಂದ, ಹಬೆ ಸಾಲದೆ ದಾರಿಯಲ್ಲಿ ನಿಂತಿದ್ದ ಗಾಡಿಯ ಹಿಂಬದಿಗೆ ಹಳಿ ತಪಾಸಣೆಯ ಟ್ರಾಲಿ ಬಡಿದು, ಹಳಿ ಮೇಸ್ತ್ರಿ ಕರಮಲ್ಲಾ ಮೃತಪಟ್ಟನು.’

ಅಂದಿನ ಮಾಸ್ಟರ್. ನನಗೆ ಹೆಸರೂ ಇಲ್ಲ. ಇಡೀ ಲೈನಿಗೇ ಗೊತ್ತು ಅಬು ಸಯಾಲಿನ ನಾಜಿರ್, ಅಂದರೆ ಆ ಸ್ಟೇಷನ್ ಮಾಸ್ಟರ್, ಯಾರಾಗಿದ್ದ ಎಂದು, ಹೆಸರು ಬಿಟ್ಟು ಯಾರಿಗೆ ಉಪಕಾರ ಮಾಡಿದೆ? ಈ ಪುಸ್ತಕವನ್ನು ಮಾರ್ಚಿನಲ್ಲಿ ಶಾಲೆಗಳಿಗೆಲ್ಲ ಹಂಚುತ್ತಾರಂತೆ. ನನ್ನ ಮೊಮ್ಮಗಳು ಆರನೇ ಕ್ಲಾಸು. ಅವಳು ಬಂದು, ಅಜ್ಜ, ಈ ಅಜಾಗರೂಕತೆ ಎಂದರೇನು ಎಂದು ಕೇಳಿದರೆ ನಿನ್ನ ಮನೆಗೆ ಕಳಿಸಲೇ?

ಹಬೆ ಸಾಲಲಿಲ್ಲವಂತೆ. ಆ ಗಾಡಿಯ ಗಾರ್ಡ್ ನೀನೇ. ಗಾಡಿ ಯಾಕೆ ನಿಂತಿತ್ತು ಎಂದು ನಿನಗೆ ಗೊತ್ತು, ನನಗೆ ಗೊತ್ತು, ಅವತ್ತು ಗಾಡಿಯಲ್ಲಿದ್ದ ಅರವತ್ತು ಜನಕ್ಕೂ ಗೊತ್ತು. ಕುವೈಬ್ ಹಳ್ಳಿಯಲ್ಲಿ ನನ್ನ ಮಾವ ಸತ್ತಿದ್ದ. ಡ್ರೈವರ್ ಖಿದಿರ್ ನನ್ನ ಹೆಂಡತಿ ಬತೂಲಳನ್ನು ಅಪ್ಪನ ಮನೆಯ ಹತ್ತಿರ ಇಳಿಸಲು ಗಾಡಿ ನಿಲ್ಲಿಸಿದ. ಸಾವಿನ ಮನೆಯ ಮುಂದೆ ಗಾಡಿ ನಿಂತ ಮೇಲೆ ಯಾರು ಕುಳಿತಿರುತ್ತಾರೆ? ಎಲ್ಲರೂ ಇಳಿದರು, ಚಪ್ಪರದಡಿ ಹೋಗಿ ಸತ್ತವನ ಹೆಸರಲ್ಲಿ ಫಾತಿಹಾ ಓದಲು ಅಂಗೈ ಎತ್ತಿದರು, ಚಾಪೆಯ ಮೇಲೆ ಕುಳಿತರು, ಟೀ ಕುಡಿದರು. ಸರ್ಕಾರಿ ಗಾಡಿ ಮುಕ್ಕಾಲು ಗಂಟೆ ಅನಾಥವಾಗಿ ನಿಂತಿತ್ತು. ಇದನ್ನು ಬರೆ. ಇಷ್ಟು ಬರೆದರೆ ಸಾಕು, ಮಿಕ್ಕದ್ದನ್ನು ಓದುವವರು ತಿಳಿದುಕೊಳ್ಳುತ್ತಾರೆ.

ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಬೇಡ. ಬತೂಲ್ ಬದುಕಿರುವವರೆಗೆ, ನಿನ್ನ ಅಪ್ಪನ ಸಾವಿಗಾಗಿ ಇನ್ನೊಬ್ಬ ಸತ್ತ ಎಂದು ಯಾರೂ ಅವಳ ಮುಖದ ಮುಂದೆ ಆಡಬಾರದು ಎಂದಿತ್ತು. ಅವಳು ಹೋಗಿ ಎಂಟು ತಿಂಗಳಾಯಿತು. ಅದು ನಿನಗೂ ಗೊತ್ತು. ನೀನು ಸಾವಿನ ಮನೆಗೆ ಬಾರದೆ ಫೋನಿನಲ್ಲಿ ಫಾತಿಹಾ ಹೇಳಿದವನು.

ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಗಾಡಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ನಿನ್ನ ನೂರು ವರ್ಷದ ಲೈನಿನ ಯೋಗ್ಯತೆ ಈಗ ಇಷ್ಟು.

ತಾಜ್ ಅಲ್-ಸಿರ್


ಅತ್ಬರಾ
೨೭ ನವೆಂಬರ್ ೨೦೦೫

ಪ್ರಿಯ ತಾಜ್,

ನಿನ್ನ ಎರಡೂ ಕಾಗದಗಳು ಒಟ್ಟಿಗೆ ಬಂದವು. ಹಳಿಗಳ ವಿಷಯ, ಕವಲಿನ ವಿಷಯ ತಿದ್ದಿಕೊಂಡಿದ್ದೇನೆ. ಸ್ಟೀಮರುಗಳಿಗೆ ಅರ್ಧ ಪುಟ ಕೊಟ್ಟಿದ್ದೇನೆ. ಕಮಿಟಿಯ ಪರವಾಗಿ ಧನ್ಯವಾದ.

ನಲವತ್ತೊಂದನೇ ಪುಟ ನಾನು ಹುಟ್ಟಿಸಿಕೊಂಡು ಬರೆದದ್ದಲ್ಲ. ಇಲ್ಲಿನ ರೆಕಾರ್ಡ್ ರೂಮಿನಲ್ಲಿ ವಿಚಾರಣೆಯ ವರದಿ ಇದೆ, ಗೆದ್ದಲು ತಿಂದು ಉಳಿದದ್ದು. ಮುಂದಿನ ಸ್ಟೇಷನ್ನಿನಿಂದ ‘ಗಾಡಿ ಮುಟ್ಟಿತು’ ಎಂಬ ತಂತಿ ಬರುವ ಮುಂಚೆಯೇ ಟ್ರಾಲಿ ಬಿಟ್ಟೆ ಎಂದು ನೀನು ಹೇಳಿದ್ದೀಯ. ಕೆಳಗೆ ನಿನ್ನ ಸಹಿ ಇದೆ, ಇಂಗ್ಲಿಷಿನಲ್ಲಿ, ಬಾಲ ತಿರುಗಿಸಿದ ಸಹಿ. ಖಾರ್ತೂಮಿನ ಕಾಲೇಜಿನಲ್ಲಿ ಒಂದೂವರೆ ವರ್ಷ ಓದಿದವನು ಏನು ಬರೆದಿದೆ ಎಂದು ಓದದೆ ಸಹಿ ಮಾಡಿರಲಿಕ್ಕಿಲ್ಲ. ಆಗ ಒಪ್ಪಿ, ಈಗ ಮೂವತ್ತೆರಡು ವರ್ಷದ ಮೇಲೆ ಒಪ್ಪುವುದಿಲ್ಲ ಎಂದರೆ ಕಮಿಟಿ ಏನು ಮಾಡಬೇಕು?

ಹೆಸರು ಬಿಟ್ಟದ್ದು ಸ್ನೇಹದಿಂದ. ಅದು ನಿನಗೆ ತಾಗಿದ್ದು ನೋಡಿ ನನಗೆ ಆಶ್ಚರ್ಯ.

ಫೋನಿನ ಮಾತು ಎತ್ತಿದ್ದೀಯ. ಆ ವಾರ ನನ್ನ ಕಣ್ಣಿನ ಆಪರೇಷನ್ ಆಗಿತ್ತು. ಬೇಕಾದರೆ ಡಾಕ್ಟರರ ಚೀಟಿ ಕಳಿಸುತ್ತೇನೆ.

ಶತಮಾನೋತ್ಸವದ ದಿನ ಅಬು ಹಮದಿನಿಂದ ಸ್ಪೆಷಲ್ ಗಾಡಿ ಬಿಡುವುದಾಗಿ ದೊಡ್ಡವರು ಮಾತು ಕೊಟ್ಟಿದ್ದಾರೆ. ನಿನಗೂ ಒಂದು ಸೀಟು ಬರೆಸಿದ್ದೇನೆ. ಹಳೆಯ ನೌಕರರಿಗೆ ಶಾಲು ಹೊದಿಸುತ್ತಾರೆ. ಬಾ.

ಇಂತು,
ಹಸಬ್ ಅಲ್-ರಸೂಲ್
ಕಾರ್ಯದರ್ಶಿ


ಕರೀಮಾ
೬ ಡಿಸೆಂಬರ್ ೨೦೦೫

ಕಾರ್ಯದರ್ಶಿಗಳೇ,

ಶಾಲು ನೀನೇ ಹೊದ್ದುಕೋ. ಅತ್ಬರಾದಲ್ಲಿ ಈಗ ಚಳಿ ಇರಬೇಕು.

ನಿನ್ನ ಕಾಗದವನ್ನು ಟೀ ಅಂಗಡಿಯಲ್ಲಿ ಓದಿದೆ. ಬಾಯಿ ಬಿಟ್ಟು ಓದಿದೆನೇನೋ, ಅಂಗಡಿಯ ಹೆಂಗಸು ಹಾಜ್ಜಾ ಜೈನಬ್, ‘ಯಾರ ಮೇಲೆ ಇಷ್ಟು ಉರಿಯುತ್ತಿದ್ದೀಯ ತಾಜ್, ಕೆಂಡ ಉಳಿತಾಯ ಆಯಿತು ನನಗೆ’ ಎಂದಳು. ರೈಲ್ವೆಯವನ ಮೇಲೆ ಎಂದೆ. ‘ಇನ್ನೂ ಬದುಕಿದ್ದಾನಾ ರೈಲ್ವೆಯವನು?’ ಎಂದಳು. ಕರೀಮಾದಲ್ಲಿ ನಿಮ್ಮ ಕಮಿಟಿಯ ಮರ್ಯಾದೆ ಇದು.

ಸಹಿಯ ಮಾತು ಎತ್ತಿದೆಯಲ್ಲ. ಹೌದು, ಸಹಿ ನನ್ನದು. ವರದಿಯಲ್ಲಿ ಏನಿತ್ತು ಎಂದು ಇವತ್ತಿಗೂ ಬಾಯಿಪಾಠ. ‘ದಿ ಮಿಕ್ಸೆಡ್ ಟ್ರೇನ್ ಹ್ಯಾವಿಂಗ್ ಸ್ಟಾಪ್ಡ್ ಫಾರ್ ವಾಂಟ್ ಆಫ್ ಸ್ಟೀಮ್’, ಆಮೇಲೆ ಏನೋ ‘ದಿ ಸೆಡ್ ಸ್ಟೇಷನ್ ಮಾಸ್ಟರ್’, ಆಮೇಲೆ ಎರಡು ಸಾಲು ಮರೆತೆ, ಕೊನೆಗೆ ‘ನೆಗ್ಲಿಜೆನ್ಸ್’. ಕಾಲೇಜಿನ ಇಂಗ್ಲಿಷೆಲ್ಲ ನೀರಿನ ಹಾಗೆ ಹರಿದುಹೋಯಿತು, ಈ ಮೂರು ತುಂಡು ಮಾತ್ರ ತಳದಲ್ಲಿ ಕಲ್ಲಿನ ಹಾಗೆ ಉಳಿದಿವೆ.

ಈಗ ನಾನು ಕೇಳುತ್ತೇನೆ. ದಾರಿಯ ನಡುವೆ ಗಾಡಿ ನಿಂತರೆ ಗಾರ್ಡ್ ಏನು ಮಾಡಬೇಕು? ಕೆಂಪು ಬಾವುಟ ಹಿಡಿದು ಹಿಂದಕ್ಕೆ ನಡೆಯಬೇಕು. ಅರ್ಧ ಮೈಲಿ ಹೋಗಿ ಹಳಿಯ ಮೇಲೆ ಪಟಾಕಿ ಕಟ್ಟಬೇಕು, ಹಿಂದೆ ಏನಾದರೂ ಬಂದರೆ ಢಂ ಎಂದು ಎಚ್ಚರಿಸಲಿ ಎಂದು. ಮೂರು ಪಟಾಕಿ. ನಿನ್ನ ಪೆಟ್ಟಿಗೆಯಲ್ಲಿ ಹನ್ನೆರಡು ಇದ್ದವು. ವಿಚಾರಣೆಯ ದಿನವೂ ಹನ್ನೆರಡೇ ಇದ್ದವು, ಮೇಜಿನ ಮೇಲೆ ಇಟ್ಟಿದ್ದರು, ನಾನು ಕೂತಲ್ಲಿಂದಲೇ ಎಣಿಸಿದೆ. ಟ್ರಾಲಿಯಿಂದ ಹಾರಿ ಬದುಕಿದ ಮೂವರನ್ನೂ ನಾನು ಆಸ್ಪತ್ರೆಯಲ್ಲಿ ಕೇಳಿದೆ, ಸದ್ದು ಕೇಳಿತಾ ಎಂದು. ಯಾವ ಸದ್ದು ನಾಜಿರ್ ಎಂದರು. ತಿರುವಿನಲ್ಲಿ ಬಂಡೆ ಇತ್ತು, ಇಳಿಜಾರು, ಬೆನ್ನಿಗೆ ಗಾಳಿ. ಬಂಡೆ ದಾಟಿದ್ದೇ ನಿನ್ನ ಗಾರ್ಡ್ ಡಬ್ಬಿಯ ಹಿಂಬದಿಯ ಕೆಂಪು ಬಣ್ಣ ಕಂಡಿತಂತೆ. ಮೂವರು ಹಾರಿದರು. ಕರಮಲ್ಲಾ ಬ್ರೇಕ್ ಬಿಡಲಿಲ್ಲ.

ಆ ಹೊತ್ತಿಗೆ ನೀನೆಲ್ಲಿದ್ದೆ? ಚಪ್ಪರದ ಕೆಳಗೆ. ಎರಡನೇ ಲೋಟ ಟೀ. ಬತೂಲಳ ಅಣ್ಣನೇ ನನಗೆ ಹೇಳಿದ್ದು, ಗಾರ್ಡ್ ಎಷ್ಟು ಒಳ್ಳೆಯವನು, ಎಲ್ಲರಿಗಿಂತ ಮೊದಲು ಬಂದು ಅಂಗೈ ಎತ್ತಿದ ಎಂದು. ಒಳ್ಳೆಯವನು. ನಾನು ಬಾಯಿ ಬಿಟ್ಟಿದ್ದರೆ ನಿನ್ನ ಕೆಲಸ ಹೋಗುತ್ತಿತ್ತು, ಜೈಲೂ ಆಗುತ್ತಿತ್ತು, ನಿನಗಾಗ ಮದುವೆ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ. ನಿನಗೆ ಬಡ್ತಿ ಬಂತು. ನನ್ನನ್ನು ಸ್ಟೇಷನ್ನಿನಿಂದ ಎಬ್ಬಿಸಿ ಕರೀಮಾದ ಗೋಡೌನಿನಲ್ಲಿ ಕೂರಿಸಿದರು. ಇಪ್ಪತ್ತು ವರ್ಷ ಇಲಿ ತಿಂದ ಖರ್ಜೂರದ ಮೂಟೆಗೆ ಚೀಟಿ ಅಂಟಿಸಿದೆ.

ಅದೂ ಹೋಗಲಿ. ಕರಮಲ್ಲಾನ ಸಾವಿಗೆ ಅಬು ಹಮದಿಗೆ ಹೋದೆನಲ್ಲ, ಅದನ್ನು ನಿನಗೆ ಯಾರೂ ಹೇಳಿರಲಾರರು. ಚಪ್ಪರದ ಬಾಗಿಲಲ್ಲಿ ನಿಂತು ಅಂಗೈ ಎತ್ತಿದೆ. ನಲವತ್ತು ಗಂಡಸರು ಕುಳಿತಿದ್ದರು. ಒಬ್ಬನೂ ಕೈ ಎತ್ತಲಿಲ್ಲ. ಅವನ ತಮ್ಮಂದಿರು ನೆಲ ನೋಡುತ್ತಿದ್ದರು. ನಾನು ಒಬ್ಬನೇ ಓದಿ, ಒಬ್ಬನೇ ಮುಖ ಒರೆಸಿಕೊಂಡು, ಹಿಂದೆ ಬಂದೆ. ನಮ್ಮಲ್ಲಿ ಕೊಂದವನಿಗೆ ಮಾತ್ರ ಹೀಗೆ ಮಾಡುವುದು. ಆ ಹೊತ್ತಿನಲ್ಲಿ ನಾನು ನಿನ್ನ ಹೆಸರು ಹೇಳಬಹುದಾಗಿತ್ತು.

ಆದ್ದರಿಂದ ಪುಟ ತಿದ್ದು. ಗಾಡಿ ಸಾವಿನ ಮನೆಗಾಗಿ ನಿಂತಿತ್ತು, ಗಾರ್ಡ್ ಪಟಾಕಿ ಕಟ್ಟಲಿಲ್ಲ. ಎರಡು ಸಾಲು. ಕಾರ್ಯದರ್ಶಿಗೆ ಎರಡು ಸಾಲು ಬರೆಯಲು ಕಷ್ಟವೇನು?

ತಾಜ್

ಮತ್ತೆ: ಡಾಕ್ಟರರ ಚೀಟಿ ಬೇಡ.


ಅತ್ಬರಾ
೫ ಜನವರಿ ೨೦೦೬

ತಾಜ್,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಪಟಾಕಿ ಕಟ್ಟಲಿಲ್ಲ. ನಿಜ. ಗಾರ್ಡ್ ಡಬ್ಬಿಯಿಂದ ಇಳಿದಾಗ ಬಾವುಟ ಕೈಯಲ್ಲಿತ್ತು. ಹಿಂದಕ್ಕೆ ಹತ್ತು ಹೆಜ್ಜೆ ಹೋದೆ. ಜನ ಎಲ್ಲ ಚಪ್ಪರದ ಕಡೆ ನಡೆಯುತ್ತಿದ್ದರು, ಬತೂಲಳ ಅಣ್ಣ ಎದುರು ಬಂದು ತೋಳು ಚಾಚಿದ. ತೋಳು ಚಾಚಿದವನಿಗೆ, ನಿಲ್ಲು, ಮೊದಲು ಹಳಿಗೆ ಪಟಾಕಿ ಕಟ್ಟಿ ಬರುತ್ತೇನೆ ಎನ್ನುವುದೇ? ಎರಡೇ ನಿಮಿಷ ಎಂದುಕೊಂಡೆ. ಆಮೇಲೆ ಟೀ ಬಂತು. ವಾರಕ್ಕೆ ಎರಡು ಗಾಡಿ ಓಡುವ ಲೈನು, ಹಿಂದಿನಿಂದ ಏನು ಬರುತ್ತದೆ? ಅಬು ಸಯಾಲಿನಲ್ಲಿ ತಾಜ್ ಇದ್ದಾನೆ, ಅವನು ಏನನ್ನೂ ಬಿಡುವುದಿಲ್ಲ ಎಂದೂ ಅಂದುಕೊಂಡೆ. ಇಳಿದವಳು ನಿನ್ನ ಹೆಂಡತಿ, ಯಾಕೆ ಹಾಗಂದುಕೊಂಡೆ ಎಂದು ನಿನಗೆ ಗೊತ್ತು.

ಗೊತ್ತಿಲ್ಲದವನ ಹಾಗೆ ಬರೆಯುತ್ತಿದ್ದೀಯ. ‘ಖಿದಿರ್ ಗಾಡಿ ನಿಲ್ಲಿಸಿದ’ ಎಂದು. ಖಿದಿರನ ಪಾಡಿಗೆ ಖಿದಿರ್ ನಿಲ್ಲಿಸಿದನೇ? ವಿಚಾರಣೆಯ ಹಿಂದಿನ ದಿನ ಅವನು ನನ್ನನ್ನು ಎಂಜಿನ್ನಿನ ಹಿಂದಕ್ಕೆ ಕರೆದು ಹೇಳಿದ: ‘ತಾಜ್ ಬಂದು ಕೈ ಹಿಡಿದುಕೊಂಡ ಮಾರಾಯ. ಕುವೈಬಿನಲ್ಲಿ ಬತೂಲಳನ್ನು ಇಳಿಸು, ಒಂದು ನಿಮಿಷ, ಯಾರಿಗೂ ತಿಳಿಯದ ಹಾಗೆ ಎಂದ. ಇದು ಹೊರಗೆ ಬಂದರೆ ಅವನು ಒಳಗೆ. ಹಬೆ ಸಾಲಲಿಲ್ಲ ಎಂದುಬಿಡೋಣ. ಎಂಜಿನ್ನಿಗೆ ಬಾಯಿಲ್ಲ.’ ಹಾಗೆ ಹಬೆ ಸಾಲದೆ ಹೋಯಿತು. ಖಿದಿರ್ ಸಾಯುವವರೆಗೆ ಅದನ್ನೇ ಹೇಳಿದ. ಒಳ್ಳೆಯ ಡ್ರೈವರ್, ಎಂಜಿನ್ ಕಾಯಿಸಲು ಬಾರದವನು ಎಂದು ಅನ್ನಿಸಿಕೊಂಡು ಸತ್ತ. ನಿನ್ನ ಸಲುವಾಗಿ. ನಾನೂ ಮೂವತ್ತೆರಡು ವರ್ಷ ತುಟಿ ಹೊಲಿದುಕೊಂಡದ್ದು ನಿನ್ನ ಸಲುವಾಗಿಯೇ ಎಂದು ತಿಳಿದಿದ್ದೆ. ನೀನು ನನ್ನ ಸಲುವಾಗಿ ಎನ್ನುತ್ತೀಯ.

ಗಾಡಿ ದಾರಿಯಲ್ಲಿ ನಿಲ್ಲುತ್ತದೆ ಎಂದು ಈ ಲೋಕದಲ್ಲಿ ಮೊದಲೇ ತಿಳಿದಿದ್ದವರು ಇಬ್ಬರು. ಒಬ್ಬ ಖಿದಿರ್. ಇನ್ನೊಬ್ಬ ಯಾರು, ನೀನೇ ಬರೆ. ತಿಳಿದೂ ಟ್ರಾಲಿ ಯಾಕೆ ಬಿಟ್ಟೆ? ಇದನ್ನು ನಾನು ಎಂದೂ ಕೇಳಿರಲಿಲ್ಲ. ಈಗಲೂ ಉತ್ತರ ಬೇಡ.

ಹಬ್ಬಕ್ಕೆ ಐದು ದಿನವಿದೆ. ಹಗೆ ಇಟ್ಟುಕೊಂಡು ಕುರಿ ಕಡಿಯಬಾರದು. ನಾನೊಂದು ದಾರಿ ಹುಡುಕಿದ್ದೇನೆ. ಪ್ರೆಸ್ಸಿನವನ ಹತ್ತಿರ ಹೇಳಿ ಆ ಪುಟವನ್ನು ಮತ್ತೆ ಜೋಡಿಸಿದ್ದೇನೆ, ಜೊತೆಗಿದೆ ನೋಡು: ‘ಹಳಿ ಮೇಸ್ತ್ರಿ ಕರಮಲ್ಲಾ ಸ್ಟೇಷನ್ನಿನ ಅಪ್ಪಣೆಗೆ ಕಾಯದೆ ಟ್ರಾಲಿ ಹೊರಡಿಸಿದ್ದರಿಂದ ಅಪಘಾತ ಸಂಭವಿಸಿತು.’ ನಿನ್ನ ಮೊಮ್ಮಗಳು ಓದಬಹುದು, ನನ್ನ ಮಕ್ಕಳೂ ಓದಬಹುದು. ಟ್ರಾಲಿಯಲ್ಲಿ ಅವನ ಜೊತೆಯಲ್ಲಿದ್ದ ಮೂವರೂ ಈಗ ಇಲ್ಲ. ಸತ್ತವನಿಗೆ ಬಡ್ತಿ ತಪ್ಪುವುದಿಲ್ಲ. ಅವನ ಕಡೆ ಕೇಳುವವರು ಎಂದರೆ ಒಬ್ಬ ಮಗಳು, ಮದೀನಾ, ಅಬು ಹಮದಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ ಅಂತೆ. ಒಂದು ಸಾಲು ತಾನೆ.

ಸರಿಯಾದರೆ ಏನೂ ಬರೆಯಬೇಡ. ಹದಿನೈದು ದಿನ ನಿನ್ನ ಕಾಗದ ಬರದಿದ್ದರೆ ಒಪ್ಪಿಗೆ ಎಂದು ಅಚ್ಚಿಗೆ ಕೊಡುತ್ತೇನೆ.

ಹಸಬ್


ಕರೀಮಾ
೧೯ ಜನವರಿ ೨೦೦೬

ಹಸಬ್,

ಹದಿನಾಲ್ಕನೇ ದಿನ ಬರೆಯುತ್ತಿದ್ದೇನೆ. ಬಸ್ಸಿನವನಿಗೆ, ಅತ್ಬರಾದಲ್ಲಿ ನಿನ್ನ ಕೈಗೇ ಕೊಡದಿದ್ದರೆ ಹಿಂದಿರುಗಿ ಬರಬೇಡ ಎಂದು ಹೇಳಿದ್ದೇನೆ.

ನಿನ್ನ ಹೊಸ ಪುಟ ಬಂತು. ಮುಚ್ಚಿಡುವುದಿಲ್ಲ, ಮೂರು ದಿನ ನನಗೆ ಹಿಡಿಸಿತು. ಎಷ್ಟು ಸಲೀಸಾಗಿದೆ. ತಲೆದಿಂಬಿನ ಕೆಳಗೆ ಇಟ್ಟುಕೊಂಡೆ. ಹಬ್ಬದ ದಿನ ಮಗ ಸೊಸೆ ಬಂದಿದ್ದರು, ಮೊಮ್ಮಗಳು ಕುರಿಯ ಕಿವಿ ಹಿಡಿದು ಓಡಾಡುತ್ತಿದ್ದಳು, ನಾನು ನಕ್ಕೆ. ನೀನು ಹಬ್ಬದಲ್ಲಿ ನಕ್ಕು ಎಷ್ಟು ವರ್ಷವಾಯಿತಪ್ಪ ಎಂದ ಮಗ. ಅದನ್ನು ಕೇಳಿದ್ದೇ ಬಾಯಿಯಲ್ಲಿದ್ದ ಮಾಂಸವನ್ನು ಎದ್ದು ಹೋಗಿ ಅಂಗಳದಲ್ಲಿ ಉಗುಳಿದೆ.

ಏನು ಮನುಷ್ಯನಯ್ಯ ನೀನು? ಮೇಲಿನ ಅಧಿಕಾರಿಗಳೂ, ಇಂಗ್ಲಿಷ್ ವರದಿ ಬರೆದ ಆ ಒಣಕಲು ಮನುಷ್ಯನೂ ಹೊರಿಸದ ತಪ್ಪನ್ನು ನೀನು ಅವನ ಮೇಲೆ ಹೊರಿಸುತ್ತೀಯ, ಅದೂ ಹಬ್ಬದ ಲೆಕ್ಕದಲ್ಲಿ, ನನಗೆ ಉಡುಗೊರೆಯಾಗಿ. ಕರಮಲ್ಲಾ ಅಪ್ಪಣೆಯಿಲ್ಲದೆ ಹೋದನೇ? ಆ ಲೈನಿನಲ್ಲಿ ಅಪ್ಪಣೆಯಿಲ್ಲದೆ ಒಂದು ಮೊಳೆಯನ್ನೂ ಎತ್ತದ ಒಬ್ಬನೇ ಒಬ್ಬ ಅವನು. ಮಧ್ಯಾಹ್ನದ ಬಿಸಿಲಲ್ಲಿ ಹಳಿ ಉಬ್ಬುತ್ತದೆ ಎಂದು ಕೈಯಿಟ್ಟು ನೋಡಿ, ಅಂಗೈ ಸುಟ್ಟುಕೊಂಡು, ಬಂದು ತೋರಿಸುತ್ತಿದ್ದ. ನೀನು ಹತ್ತು ಹೆಜ್ಜೆ ಹೋಗಿ ತಿರುಗಿದವನು. ಅವನು ಕೊನೆಯ ಗಜದವರೆಗೂ ಬ್ರೇಕ್ ಹಿಡಿದವನು. ನೀನು ಅವನ ಮೇಲೆ ಬರೆಯುತ್ತೀಯ.

ಉತ್ತರ ಬೇಡ ಎಂದಿದ್ದೀಯ. ನಿನಗೆ ಕೊಡುವುದೂ ಇಲ್ಲ. ನೀನು ಯಾರು ಕೇಳಲು? ಕೇಳಬೇಕಾದವಳು ಅಬು ಹಮದಿನಲ್ಲಿದ್ದಾಳೆ. ಅವಳ ಹೆಸರು ಬರೆದು ಕೊಟ್ಟವನು ನೀನೇ, ಅದೊಂದು ನಿನ್ನಿಂದಾದ ಉಪಕಾರ.

ಖಿದಿರನ ಮಾತು ನನಗೆ ಗೊತ್ತಿರಲಿಲ್ಲ. ಅವನು ನನಗಾಗಿ ಹೇಳಿದ್ದು ಎಂದು ಗೊತ್ತಿರಲಿಲ್ಲ. ಅವನ ಮಣ್ಣಿಗೂ ನಾನು ಹೋಗಲಿಲ್ಲ, ಸುಳ್ಳುಗಾರ ಎಂದು ಸಿಟ್ಟಾಗಿದ್ದೆ. ಇಷ್ಟು ಬರೆದು ಸಾಕು ಮಾಡುತ್ತೇನೆ.

ಪುಟವನ್ನು ಈಗ ಹೀಗೆ ಮಾಡು. ನನ್ನ ಹೆಸರು ಹಾಕು, ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ. ಗಾಡಿ ನಿಲ್ಲಿಸಲು ಹೇಳಿದವನು ಅವನೇ, ಟ್ರಾಲಿ ಬಿಟ್ಟವನೂ ಅವನೇ ಎಂದು ಹಾಕು. ಪಟಾಕಿಯ ಸಾಲನ್ನು ಹಾಕುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಅದರ ಮೇಲೆ ನನಗೆ ಹಕ್ಕಿಲ್ಲ ಎಂದು ಹದಿನಾಲ್ಕು ದಿನ ಬೇಕಾಯಿತು ತಿಳಿಯಲು. ಕರಮಲ್ಲಾನ ಮೇಲೆ ಒಂದಕ್ಷರ ಅಚ್ಚಾದರೆ ಮಾತ್ರ ನಿನ್ನ ಸ್ಪೆಷಲ್ ಗಾಡಿ ಬರುವ ದಿನ ನಾನು ಕರೀಮಾದ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತೇನೆ. ಮೈಕು ಬೇಕಾಗಿಲ್ಲ ನನಗೆ.

ತಾಜ್ ಅಲ್-ಸಿರ್


ಕರೀಮಾ
೨ ಫೆಬ್ರವರಿ ೨೦೦೬

ಮದೀನಾ ಕರಮಲ್ಲಾ ಅವರಿಗೆ,

ಮಗಳೇ ಎಂದು ಬರೆಯಬೇಕೆಂದಿದ್ದೆ, ನಿಮ್ಮ ಅಪ್ಪಣೆಯಿಲ್ಲದೆ ಆಗುವುದಿಲ್ಲ. ನಾನು ಅಬು ಸಯಾಲಿನಲ್ಲಿ ನಾಜಿರ್ ಆಗಿದ್ದ ತಾಜ್ ಅಲ್-ಸಿರ್. ಹೆಸರು ನೋಡಿದ ತಕ್ಷಣ ಹರಿದುಹಾಕಬೇಕೆನಿಸಿದರೆ, ಕೊನೆಯವರೆಗೆ ಓದಿ ಆಮೇಲೆ ಹರಿಯಿರಿ ಎಂದು ಬೇಡುತ್ತೇನೆ. ಇಂಗ್ಲಿಷಿನಲ್ಲಿ ಇಂಥ ಕಾಗದಕ್ಕೆ ‘ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಲು ಕಲಿಸಿದ್ದರು. ಬೇಡುವುದು ಎಂದರೇನು ಎಂದು ಆಗ ಯಾರೂ ಹೇಳಲಿಲ್ಲ.

ಮಾರ್ಚಿನಲ್ಲಿ ನಿಮ್ಮ ಶಾಲೆಗೆ ನಮ್ಮ ಲೈನಿನ ನೂರು ವರ್ಷದ ಪುಸ್ತಕ ಬರುತ್ತದೆ. ಅದರ ನಲವತ್ತೊಂದನೇ ಪುಟದಲ್ಲಿ ನಿಮ್ಮ ತಂದೆಯ ಹೆಸರಿದೆ. ಅವರು ಅಪ್ಪಣೆಯಿಲ್ಲದೆ ಟ್ರಾಲಿ ಹೊರಡಿಸಿದರು ಎಂದು ಅಲ್ಲಿ ಇದ್ದರೆ ಅದು ಸುಳ್ಳು. ತೆಗೆಯಲು ಹೇಳಿದ್ದೇನೆ, ತೆಗೆಯುತ್ತಾರೋ ಇಲ್ಲವೋ ಗೊತ್ತಿಲ್ಲ, ಉತ್ತರ ಬಂದಿಲ್ಲ. ತೆಗೆಯದಿದ್ದರೆ ಈ ಕಾಗದವನ್ನು ನಿಮ್ಮ ಶಾಲೆಯ ಹುಡುಗಿಯರ ಮುಂದೆ ಗಟ್ಟಿಯಾಗಿ ಓದಿಸಿ. ನನ್ನ ಸಹಿ ಇದೆ. ಹಿಂದೊಮ್ಮೆ ಬೇರೊಂದಕ್ಕೆ ಹಾಕಿದ ಸಹಿಯಂಥದಲ್ಲ ಇದು.

ಆಗ ನಿಮಗೆ ಹತ್ತೋ ಹನ್ನೊಂದೋ. ನಿಮ್ಮ ಅಜ್ಜಿ ಸತ್ತದ್ದು ನೆನಪಿರಬಹುದು, ಅದೇ ವರ್ಷದ ಏಪ್ರಿಲಿನಲ್ಲಿ. ಹೇಳಿಕಳಿಸಿದ್ದು ಬೆಳಿಗ್ಗೆ. ಮಧ್ಯಾಹ್ನದ ಗಾಡಿ ನಿಮ್ಮ ಅಜ್ಜಿಯ ಊರಿನ ಹತ್ತಿರವೇ ಹಾದುಹೋಗುತ್ತಿತ್ತು. ನಿಮ್ಮ ತಂದೆ ನನ್ನ ಕಚೇರಿಗೆ ಬಂದು, ‘ನಾಜಿರ್, ಡ್ರೈವರಿಗೆ ಒಂದು ಮಾತು ಹೇಳಿ, ಒಂದು ಚಣ ನಿಲ್ಲಿಸಿದರೆ ಹಾರಿಕೊಳ್ಳುತ್ತೇನೆ’ ಎಂದರು. ನಾನು ರೂಲ್ ಪುಸ್ತಕ ತೆಗೆದು ಇಂಗ್ಲಿಷಿನಲ್ಲಿ ಓದಿದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ತಿಳಿದೇ ಓದಿದೆ. ಆಮೇಲೆ, ‘ಕರಮಲ್ಲಾ, ಸರ್ಕಾರಿ ಗಾಡಿ ಯಾರ ಮನೆ ಸಾವಿಗೂ ನಿಲ್ಲುವುದಿಲ್ಲ’ ಎಂದೆ. ಕಚೇರಿಯಲ್ಲಿ ನಾಲ್ಕು ಜನರಿದ್ದರು, ನಾನೆಂಥ ಖಡಕ್ ಮನುಷ್ಯ ಎಂದು ಅವರಿಗೆ ಕಾಣಲಿ ಎಂದಿತ್ತು. ನಿಮ್ಮ ತಂದೆ ಹದಿನಾಲ್ಕು ಮೈಲಿ ನಡೆದರು. ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಮೂರನೇ ದಿನ ಕೆಲಸಕ್ಕೆ ಬಂದರು. ಅವರು ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇವತ್ತಿಗೂ ಅವರ ಮೇಲೇ ಸ್ವಲ್ಪ ಸಿಟ್ಟಿದೆ ನನಗೆ.

ಸೆಪ್ಟೆಂಬರಿನಲ್ಲಿ ನನ್ನ ಮಾವ ಸತ್ತ. ಆಗ ರೂಲ್ ಪುಸ್ತಕ ಅಲ್ಲೇ ಇತ್ತು, ಅದೇ ಶೆಲ್ಫಿನಲ್ಲಿ. ನಾನು ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ, ಯಾರೂ ಇಲ್ಲದ್ದು ನೋಡಿ, ಡ್ರೈವರ್ ಖಿದಿರನ ಕೈ ಹಿಡಿದೆ. ಒಂದು ನಿಮಿಷ ಎಂದೆ. ಒಂದು ನಿಮಿಷವಂತೆ. ಟೀ ಕುಡಿಯದೆ ಸಾವಿನ ಮನೆಯ ಚಾಪೆಯಿಂದ ಏಳುವ ಮನುಷ್ಯ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ, ಇದು ನನಗೆ ಗೊತ್ತಿರಲಿಲ್ಲವೇ? ಅದು ಮುಕ್ಕಾಲು ಗಂಟೆಯಾಗುತ್ತದೆ ಎಂದು ಗೊತ್ತಿತ್ತು. ಕೇಳಿದವರಿಗೆಲ್ಲ ಗೊತ್ತಿರಲಿಲ್ಲ ಎಂದು ಹೇಳಿ ಹೇಳಿ, ನನಗೂ ಹಾಗೇ ಆಗಿಬಿಟ್ಟಿತ್ತು.

ಗಾಡಿ ಹೋದ ಮೇಲೆ ನಿಮ್ಮ ತಂದೆ ಬಂದರು. ಆರನೇ ಮೈಲಿಯಲ್ಲಿ ಹಳಿ ಸರಿದಿದೆ, ನೋಡಬೇಕು ಎಂದರು. ಅದಕ್ಕಿಂತ ಮುಂಚೆ ನನ್ನೆದುರು ನಿಂತು, ನನ್ನ ಮಾವನಿಗಾಗಿ ಅಂಗೈ ಎತ್ತಿದರು. ನಾವಿಬ್ಬರೂ ಫಾತಿಹಾ ಓದಿದೆವು. ಅವರ ತಾಯಿಗಾಗಿ ನಾನು ಎತ್ತಿರಲಿಲ್ಲ, ಕೆಲಸವಿತ್ತು.

ಆಮೇಲೆ ಕೇಳಿದರು, ‘ದಾರಿ ಖಾಲಿಯಾ ನಾಜಿರ್? ತಂತಿ ಬಂತಾ?’ ಎಂದು.

‘ಗಾಡಿ ಈಗ ಮುಟ್ಟಿರುತ್ತದೆ’ ಎಂದೆ.

ಅವರು ಟ್ರಾಲಿಯ ಹತ್ತಿರ ಹೋದರು. ಹೋಗಿ ಮತ್ತೆ ತಿರುಗಿ ಬಂದರು. ನನ್ನ ಹೆಂಡತಿ ಬತೂಲ್ ಬಿಳಿ ಬಟ್ಟೆ ಉಟ್ಟು, ಗಂಟುಮೂಟೆ ಇಲ್ಲದೆ ಗಾಡಿ ಹತ್ತಿದ್ದನ್ನು ನೋಡಿದ್ದರು. ಅವಳ ತವರು ಯಾವುದೆಂದು ಗೊತ್ತಿತ್ತು. ದನಿ ತಗ್ಗಿಸಿ, ಟ್ರಾಲಿಯವರಿಗೆ ಕೇಳಿಸದ ಹಾಗೆ, ನನ್ನ ಮಾನ ಕಾಯುವ ಹಾಗೆ ಕೇಳಿದರು: ‘ಅಮ್ಮನವರನ್ನು ಕುವೈಬಿನಲ್ಲಿ ಇಳಿಸುತ್ತಾರಾ? ಇಳಿಸುವುದಾದರೆ ಹೇಳಿ, ಕಾಯುತ್ತೇನೆ, ಅವಸರವಿಲ್ಲ.’

ಮದೀನಾ, ಹೌದು ಎನ್ನಬೇಕಾಗಿತ್ತು. ಅವರು ಕಾಯುತ್ತಿದ್ದರು. ಏಪ್ರಿಲಿನ ಮಾತನ್ನು ಬಾಯಿಗೆ ತರುತ್ತಿರಲಿಲ್ಲ, ನೆರಳಿನಲ್ಲಿ ಕೂತು ಸಿಗರೇಟು ಸೇದಿಕೊಂಡು ಕಾಯುತ್ತಿದ್ದರು. ಆದರೆ ನಾನು ಹೌದು ಎಂದರೆ ಅವರು ನನ್ನ ಮುಖ ನೋಡುತ್ತಿದ್ದರು. ಒಂದು ಸಲ ನೋಡುತ್ತಿದ್ದರು, ಅಷ್ಟೆ. ಅದನ್ನು ತಾಳಲಾರೆ ಎನಿಸಿತು.

‘ಸರ್ಕಾರಿ ಗಾಡಿ ಯಾರ ಮನೆ ಸಾವಿಗೂ ನಿಲ್ಲುವುದಿಲ್ಲ, ಹೋಗು’ ಎಂದೆ.

ಅವರು ಸರಿ ನಾಜಿರ್ ಎಂದು ಹೋದರು.

ಇದನ್ನು ವಿಚಾರಣೆಯಲ್ಲಿ ಹೇಳಲಿಲ್ಲ. ಬತೂಲಳಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಆದರೆ ಆ ದಿನದಿಂದ ಸಾಯುವವರೆಗೆ ಅವಳು ಆ ಗಾಡಿ ಹತ್ತಲಿಲ್ಲ, ತವರಿಗೆ ಹೋಗಬೇಕಾದರೆ ಲಾರಿಯಲ್ಲಿ ಹೋಗುತ್ತಿದ್ದಳು. ನಿಮ್ಮ ಚಿಕ್ಕಪ್ಪಂದಿರು ಚಪ್ಪರದಲ್ಲಿ ನನಗೆ ಕೈ ಎತ್ತಲಿಲ್ಲ ಎಂದು ಮೂವತ್ತೆರಡು ವರ್ಷ ಅವರನ್ನು ಬೈದೆ. ಏನೂ ತಿಳಿಯದೆ ಸರಿಯಾದದ್ದು ಮಾಡಿದರು ಅವರು, ಅದಕ್ಕೇ ಇನ್ನೂ ಸಿಟ್ಟು. ಆ ಗಾಡಿಯ ಗಾರ್ಡ್ ಹಸಬನ ಮೇಲೆ ಸಿಟ್ಟು, ಹೇಳಿದ್ದನ್ನು ಕೇಳಿ ಗಾಡಿ ನಿಲ್ಲಿಸಿದ ಖಿದಿರನ ಮೇಲೆ ಸಿಟ್ಟು. ಎಲ್ಲರ ಮೇಲೂ ಮಾಡಿ ಮುಗಿಸಿ ಈಗ ಬೇರೆ ಯಾರೂ ಉಳಿದಿಲ್ಲ.

ಕ್ಷಮಿಸಿ ಎಂದು ಬರೆಯಲಾರೆ, ಅದು ನಿಮ್ಮಿಂದ ಇನ್ನೊಂದು ಉಪಕಾರ ಕೇಳಿದಂತಾಗುತ್ತದೆ. ನಿಮ್ಮ ತಂದೆ ಎರಡು ಸಲ ಕೇಳಿದರು, ನಾನು ಎರಡು ಸಲವೂ ಸುಳ್ಳು ಹೇಳಿದೆ. ನಿಮಗೆ ಇಷ್ಟು ತಿಳಿದಿರಬೇಕು.

ಇನ್ನೂ ಬರೆಯುವುದಿತ್ತು. ನದಿಯ ಆಚೆ ದಡ ಕಪ್ಪಾಗಿದೆ, ಕಾಗದದ ಮೇಲೆ ನನ್ನ ಕೈಯೂ ಸರಿಯಾಗಿ ಕಾಣುತ್ತಿಲ್ಲ. ದೀಪ ಹಚ್ಚಿದರೆ ಮೊದಲಿನಿಂದ ಓದಿ ನೋಡುತ್ತೇನೆ, ಓದಿದರೆ ಕಳಿಸುವುದಿಲ್ಲ. ಹಚ್ಚದೆ ಹೀಗೇ ಮಡಚುತ್ತಿದ್ದೇನೆ.

ತಾಜ್ ಅಲ್-ಸಿರ್ ಉಸ್ಮಾನ್